ಕಣ್ಣು ಮುಚ್ಚಿದ ಹತ್ತು ನಿಮಿಷ

"ಇನ್ನು ಹತ್ತು ನಿಮಿಷ ಯಾರೂ ಕಣ್ಣು ಬಿಡೋ ಹಾಗಿಲ್ಲ. ಕಿವಿಗೆ ಬಿದ್ದ ಹಕ್ಕಿ ಹೆಸರನ್ನ ನೋಡ್ದೇನೇ ಬರ್ಕೊಳ್ಳಿ. ಪಿಟ್ ಅಂದೋರು ಮುಂದಿನ ವಾರ ಬರ್ಬೇಡಿ," ಎಂದ ಹಕ್ಕಿ ನೋಡುವ ಗುಂಪಿನ ಮುಂದಾಳು ರವಿಕುಮಾರ್, ಟೀ ಫ್ಲಾಸ್ಕ್ ಹೊತ್ತು ನಿಂತಿದ್ದ ಲತಾಮಣಿಯತ್ತ ತಿರುಗಿ, "ನಿಂಗೂ ಸೇರ್ಸೇ ಹೇಳಿದ್ದಮ್ಮ," ಎಂದು ನಕ್ಕ.

"ಅವಳೆಲ್ಲಿ ಬಾಯಿ ಬಿಡ್ತಾಳೆ ಬಿಡಿ ರವಿ!" ಎಂದರು ಸರಸ್ವತಿ ಮೇಡಂ. ಚಿಗುರಿದ ಹೊಂಗೆಯ ಕೆಳಗೆ ಬಂಡೆಗೊರಗಿ, ಎಡಗೈಯನ್ನು ಧೂಳುನೆಲಕ್ಕೆ ಊರಿ, ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

ಮಡಿವಾಳ ಹಕ್ಕಿ ಸಿಳ್ಳೆ ಹಾಕಿತು. ಪೆನ್ನುಗಳು ಓಡಿದವು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟು, ಈ ತುರಹಳ್ಳಿ ಕಾಡಿನಂಚಿನಲ್ಲೇ ಹಸು ಮೇಯಿಸಿಕೊಂಡು ಬೆಳೆದ ಲತಾಮಣಿ ಸುಮ್ಮನೆ ಕೇಳುತ್ತ ನಿಂತಳು.

ಇದ್ದಕ್ಕಿದ್ದಂತೆ ಇಳಿಜಾರಿನ ಪೊದೆಯಲ್ಲಿ ಹರಟೆಮಲ್ಲಗಳು ಕಿರುಚಿಕೊಂಡವು. ಸಿಳ್ಳೆ ನಿಂತುಹೋಯಿತು. ಅದು ಅವುಗಳ ದಿನದ ಜಗಳವಲ್ಲ. ಹಾವು ಕಂಡಾಗಿನ ಕೂಗು. ಮೇಡಂ ಮುಗುಳ್ನಗುತ್ತ ಬರೆದುಕೊಂಡರು. ಸ್ವಲ್ಪ ಈಚೆ, ಪಿಕಳಾರ ಬೈಯತೊಡಗಿತು. ಇನ್ನೂ ಈಚೆ, ಬಂಡೆಯ ಮಗ್ಗುಲ ಗಿಡದಲ್ಲೇ, ಸಿಂಪಿಗ ಬಡಬಡಿಸಿತು. ತರಗೆಲೆಯಡಿ ಹರಿದು ಬರುತ್ತಿದ್ದುದು ಲತಾಮಣಿಯ ಕಣ್ಣಿಗೆ ಬೀಳಲಿಲ್ಲ. ಅದು ಎಲ್ಲಿಯವರೆಗೆ ಬಂತೆಂದು ಹಕ್ಕಿಗಳೇ ಹೇಳುತ್ತಿದ್ದವು.

ಕೂಗಿದರೆ? ಮೇಡಂ ಬೆಚ್ಚಿ, ನೆಲಕ್ಕೂರಿದ ಎಡಗೈಯನ್ನೇ ಒತ್ತಿ ಏಳುತ್ತಾರೆ. ಲತಾಮಣಿ ಫ್ಲಾಸ್ಕ್ ಕೆಳಗಿಟ್ಟಳು. ಮೂರು ಹೆಜ್ಜೆ. ಬಗ್ಗಿ, ಆ ಕೈಯನ್ನು ಎರಡೂ ಕೈಗಳಿಂದ ಮೆಲ್ಲಗೆ ಎತ್ತಿಕೊಂಡಳು.

"ಏಯ್, ಏನೇ..."

"ಅಲ್ಲಾಡ್ಬೇಡಿ ಮೇಡಂ," ಉಸಿರಷ್ಟೇ ಹೊರಟಿತು.

ತರಗೆಲೆ ಸರಿಯಿತು. ಕೈ ಇದ್ದ ಜಾಗದ ಮೇಲೆ ನಾಗರಹಾವು, ತನಗೆ ಯಾವ ಅವಸರವೂ ಇಲ್ಲವೆಂಬಂತೆ, ಹರಿಯುತ್ತಲೇ ಹೋಯಿತು. ಬಾಲ ಬಂಡೆಯ ಹಿಂದೆ ಮರೆಯಾಗುವ ಹೊತ್ತಿಗೆ ಮೇಡಂ ಉಗುರುಗಳು ಲತಾಮಣಿಯ ಮುಂಗೈಗೆ ನಾಟಿದ್ದವು.

"ಟೈಮ್!" ರವಿಕುಮಾರ್ ಬಂದು ನೋಟ್‌ಬುಕ್ ಎತ್ತಿಕೊಂಡ. "ಮಡಿವಾಳ, ಹರಟೆಮಲ್ಲ, ಪಿಕಳಾರ, ಸಿಂಪಿಗ. ಸಖತ್ ಮೇಡಂ, ಒಂದೂ ತಪ್ಪಿಲ್ಲ! ಕೊನೆ ಮೂರಂತೂ ಎಷ್ಟು ಹತ್ರ ಬಂದಿದ್ವು ಅಲ್ವಾ?"

ಮೇಡಂ ಇನ್ನೂ ಲತಾಮಣಿಯ ಕೈ ಬಿಟ್ಟಿರಲಿಲ್ಲ. ರವಿಕುಮಾರ್ ಅವಳತ್ತ ತಿರುಗಿದ.

"ಹೆಜ್ಜೆ ಸದ್ದು ಕೇಳ್ತು. ನೀನ್ಯಾಕಮ್ಮ ಮಧ್ಯ ಓಡಾಡಿದ್ದು?"

ಲತಾಮಣಿ ನೆಲ ತೋರಿಸಿದಳು. ಧೂಳಿನಲ್ಲಿ ಐದು ಬೆರಳ ಅಚ್ಚು. ಅದರ ಮೇಲೆ, ಅಡ್ಡಕ್ಕೆ, ನುಣ್ಣನೆಯ ಒಂದು ಗೆರೆ.