ಸಿಳ್ಳೆ ನಿಲ್ಲಬಾರದು

ಅಮೆರಿಕದ ದಕ್ಷಿಣದ ಆ ಹತ್ತಿ ತೋಟದಲ್ಲಿ ಅಡುಗೆಮನೆ ಹಿತ್ತಲಿನಾಚೆ ಇತ್ತು. ಅಲ್ಲಿಂದ ಊಟ ತರುವಾಗ ಗುಲಾಮ ಹೆಂಗಸು ಹೆಟ್ಟಿ ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಲೇ ಬರಬೇಕು. ಸಿಳ್ಳೆ ಹಾಕುವ ಬಾಯಿ ಕದ್ದು ತಿನ್ನಲಾರದು ಎಂಬುದು ಯಜಮಾನನ ಲೆಕ್ಕಾಚಾರ.

ಆ ಮಧ್ಯಾಹ್ನ ಉತ್ತರದ ಪಟ್ಟಣದಿಂದ ಅವನ ತಮ್ಮ ಬಂದಿದ್ದ. ಸೂಪು ಆರುವ ಮುಂಚೆಯೇ ಜಗಳ ಹತ್ತಿಕೊಂಡಿತು.

"ಮನುಷ್ಯರನ್ನ ದನದ ಹಾಗೆ ಕೊಳ್ಳೋದು ಪಾಪ, ಅಣ್ಣಾ. ಇದನ್ನ ನಿಲ್ಲಿಸದೆ ನಾವು ಬಿಡೋದಿಲ್ಲ."

"ನಿಲ್ಲಿಸೋಕೆ ನೀವ್ಯಾರು? ನಮ್ಮ ರಾಜ್ಯಗಳು ದೇಶಾನೇ ಬಿಟ್ಟು ಹೋಗ್ತವೆ."

"ಹೋದರೆ ಯುದ್ಧ ಆಗುತ್ತೆ."

"ಆಗಲಿ! ಆವತ್ತು ನನ್ನ ಬಂದೂಕಿನ ಎದುರಿಗೆ ಮಾತ್ರ ಬರಬೇಡ."

"ಬಂದೇ ಬರ್ತೀನಿ. ಆ ಹೆಟ್ಟಿಗೋಸ್ಕರ ಬರ್ತೀನಿ!" ತಮ್ಮ ಮೇಜು ಗುದ್ದಿದ. ಮರುಕ್ಷಣವೇ ಬಾಗಿಲ ಕಡೆ ನೋಡಿ ಸಿಡುಕಿದ, "ಕಾಫಿ ಎಲ್ಲಿ? ಎಷ್ಟು ಹೊತ್ತು ಅವಳದು?"

ಅಣ್ಣ ಕಿವಿಗೊಟ್ಟ. ಹಿತ್ತಲಿನಿಂದ ದಿನದ ಅದೇ ರಾಗ ಕೇಳಿಸುತ್ತಿತ್ತು.

"ಬರ್ತಿದ್ದಾಳೆ. ಎಷ್ಟು ಚೆನ್ನಾಗಿ ಸಿಳ್ಳೆ ಹಾಕ್ತಿದ್ದಾಳೆ ಕೇಳು. ದುಃಖದಲ್ಲಿರೋಳು ಹೀಗೆ ಹಾಕ್ತಾಳಾ?"

ತಮ್ಮನಿಗೆ ರೇಗಿತು. ಮತ್ತೆ ಶುರುವಾಯಿತು. ಕಿಟಕಿಯ ಬಿಸಿಲು ಮೇಜಿನಿಂದ ಜಾರಿ ಗೋಡೆ ಹತ್ತಿತು. ಸಿಳ್ಳೆ ಕೇಳಿಸುತ್ತಲೇ ಇತ್ತು, ಕಾಫಿ ಮಾತ್ರ ಬರಲಿಲ್ಲ.

ಕೊನೆಗೆ ಇಬ್ಬರೂ ಎದ್ದು, ಬೈದುಕೊಳ್ಳುತ್ತಲೇ ಹಿತ್ತಲು ದಾಟಿ ಹೋದರು.

ಅಡುಗೆಮನೆಯ ಒಲೆ ತಣ್ಣಗಾಗಿತ್ತು, ಹಿಂಬಾಗಿಲು ತೆರೆದೇ ಇತ್ತು. ಕಿಟಕಿಯ ಮೇಲೆ, ಹೆಟ್ಟಿ ಮರಿಯಿಂದ ಸಾಕಿದ್ದ ಅಣಕುಹಕ್ಕಿ ಅವಳ ರಾಗವನ್ನೇ ಸಿಳ್ಳೆ ಹಾಕುತ್ತ ಕೂತಿತ್ತು.