ಟೈಲರ್ ಕಂಠದ ಪ್ರಣಾಳಿಕೆ

ಪ್ರಚಾರದ ಆಟೋ ಚಾಮರಾಜಪೇಟೆಯ ಐದನೇ ಮುಖ್ಯರಸ್ತೆಗೆ ತಿರುಗಿತೋ ಇಲ್ಲವೋ, ನೆತ್ತಿಯ ಮೇಲಿನ ಸ್ಪೀಕರಿನಿಂದ ಟೈಲರ್ ಪ್ರಭುದೇವನ ರೆಕಾರ್ಡ್ ಮಾಡಿದ ಕಂಠ ಸಿಡಿಯಿತು. ಅಂಥಿಂಥ ಕಂಠವಲ್ಲ ಅದು. ಆತ ಅಂಗಡಿಯಲ್ಲಿ ಕೆಮ್ಮಿದರೆ ಮಲ್ಲೇಶ್ವರದ ತೊಟ್ಟಿಲಲ್ಲಿ ಮಗು ಬೆಚ್ಚುತ್ತಿತ್ತು.

"ರಾಮಾಂಜಿನಪ್ಪನವರನ್ನೇ ಗೆಲ್ಲಿಸಿ! ಆರೇ ತಿಂಗಳಲ್ಲಿ ಹೊಸ ರಸ್ತೆ! ದಿನವಿಡೀ ನೀರು! ಕೊಟ್ಟ ಮಾತಿಗೆ ತಪ್ಪೋರಲ್ಲ!"

ಕೊರಳಲ್ಲಿ ಟೇಪು ನೇತುಹಾಕಿಕೊಂಡು ಅಂಗಡಿ ಬಾಗಿಲಲ್ಲಿ ನಿಂತಿದ್ದ ಪ್ರಭುದೇವನ ಎದೆ ಎಷ್ಟು ಉಬ್ಬಿತೆಂದರೆ, ತಾನೇ ಹೊಲಿದ ಅಂಗಿಯ ಗುಂಡಿಗಳು ಪ್ರಾಣಭಿಕ್ಷೆ ಬೇಡತೊಡಗಿದವು. ಈ ಬೀದಿಯವರು ಮೆಚ್ಚಿದರೆ ಕ್ಷೇತ್ರಕ್ಕೆಲ್ಲ ಇದೇ ಧ್ವನಿ, ಆಮೇಲೆ ಟೀವಿಗೂ ಇದೇ ಎಂದು ರಾಮಾಂಜಿನಪ್ಪನವರ ಪ್ರಚಾರ ನೋಡಿಕೊಳ್ಳುವ ಯಶಶ್ರೀ ಹೇಳಿದ್ದಳು. ಜನ ಮೆಚ್ಚುವುದನ್ನು ಚಿತ್ರಿಸಲು ಆಕೆ ಮೊಬೈಲು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಬೀದಿ ಕಿವಿಗೊಟ್ಟು ಕೇಳಿತು. ಆಮೇಲೆ ನಕ್ಕಿತು. ಅದೆಂಥ ನಗು! ಬಸವನಗುಡಿಯ ದೊಡ್ಡ ಬಸವಣ್ಣ ಎದ್ದು, ಏನು ಗಲಾಟೆ ಎಂದು ಇಣುಕಿ ನೋಡಿ, ಮತ್ತೆ ಕೂತನಂತೆ.

"ಯಾಕಮ್ಮಾ ನಗ್ತಿದೀರಾ?" ಯಶಶ್ರೀ ಎದುರುಮನೆ ಶೈಲಜಮ್ಮನನ್ನು ಕೇಳಿದಳು.

"ಇನ್ನೇನ್ ಮಾಡ್ಲಿ ತಾಯಿ? ನನ್ ಮಗಳ ಮದುವೆ ಬ್ಲೌಸು 'ನಾಳೆ ಕೊಡ್ತೀನಿ' ಅಂದಿದ್ದು ಇದೇ ಬಾಯಿ. ಮಗಳು ಸೀಮಂತಕ್ಕೆ ಬಂದ್ಲು, ಬ್ಲೌಸು ಇನ್ನೂ ಬಂದಿಲ್ಲ!"

"ಹುಕ್ ಒಂದು ಬಾಕಿ ಅಕ್ಕಾ, ನಾಳೆ..."

"ಕೇಳಿಸ್ಕೊಂಡ್ಯಾ? ಇವನು ಹೇಳಿದ ರಸ್ತೆ ನನ್ ಮೊಮ್ಮಗಳ ಸೀಮಂತಕ್ಕೂ ಬರಲ್ಲ. ನನ್ ವೋಟು ಆ ಕಡೆಯವರಿಗೇ!"

ಯಶಶ್ರೀಯ ಮುಖ ಇಸ್ತ್ರಿಪೆಟ್ಟಿಗೆಯಂತೆ ಕಾದಿತು. "ಇಡೀ ಪೇಟೆಗೇ ಪರಿಚಯದ ಧ್ವನಿ ಅಂತ ತಾನೇ ನಿಮ್ಮನ್ನ ಆರಿಸಿದ್ದು?"

"ಪರಿಚಯ ಇಲ್ಲ ಅಂತ ಯಾರಾದ್ರೂ ಅಂದ್ರಾ ಮೇಡಂ?"

ಯಶಶ್ರೀ ಸ್ಪೀಕರ್ ಆರಿಸಿ, ಆಟೋ ಹತ್ತಿ ಹೊರಟೇಹೋದಳು. ಪ್ರಭುದೇವ ಹೊಲಿಗೆಯಂತ್ರದ ಮುಂದೆ ಕುಸಿದು ಕೂತ. ನಾಡಿಗೇ ಕೇಳಿಸಬೇಕಿದ್ದ ಕಂಠದಿಂದ ನಿಟ್ಟುಸಿರೂ ಹೊರಡಲಿಲ್ಲ.

ಸಂಜೆ ವಿರೋಧಪಕ್ಷದ ಶಾಲು ಹೊದ್ದವನೊಬ್ಬ ಅಂಗಡಿಗೆ ಬಂದು ಕೈಮುಗಿದ. "ಬೆಳಿಗ್ಗೆ ಆಟೋದಲ್ಲಿ ಮಾತಾಡಿದ್ದು ನೀವೇ ತಾನೇ? ನಾಳೆಯಿಂದ ನಮಗೆ ಬೇಕು. ಪೇಟೆಯ ಒಂದು ಗಲ್ಲೀನೂ ಬಿಡಬಾರ್ದು!"

ಪ್ರಭುದೇವ ಚಂಗನೆ ಎದ್ದು ಗಂಟಲು ಸರಿಮಾಡಿಕೊಂಡ. "ನಿಮ್ಮ ಅಭ್ಯರ್ಥಿ ಹೆಸರು ಹೇಳಿ ಸಾರ್, ಈಗ್ಲೇ ಬಾಯಿಪಾಠ ಮಾಡ್ಕೋತೀನಿ."

ಶಾಲಿನವನು ಬೆಚ್ಚಿಬಿದ್ದ. "ಅಯ್ಯೋ, ನಮ್ಮೋರ ಹೆಸರು ಎತ್ತಲೇಬೇಡಿ ಗುರುಗಳೇ! ರಾಮಾಂಜಿನಪ್ಪನವರದ್ದನ್ನೇ ಹೇಳಿ. ಇನ್ನೂ ಸ್ವಲ್ಪ ಜೋರಾಗಿ."