ಮರದಲ್ಲಿ ಒಂದು

“ಎಷ್ಟಿವೆ?” ಎಂದು ಬಾಕಾರಜ್ಜ ಕೇಳುತ್ತಿರುವುದು ಇದು ಮೂರನೆಯ ಸಲ.

ಪಟ್ಟಣದ ಆಫೀಸಿಗಾಗಿ ಬಾವಲಿ ಎಣಿಸುವ ಎಚಾಟಿ ದುರ್ಬೀನನ್ನು ಕಣ್ಣಿನಿಂದ ತೆಗೆಯಲಿಲ್ಲ. ಕಣಿವೆಯಾಚೆಯ ಇಳಿಜಾರಿನಲ್ಲಿ ಅಜ್ಜನ ದೊಡ್ಡ ಮರ ಒಂಟಿಯಾಗಿ ನಿಂತಿತ್ತು. ಸುತ್ತಲಿನ ಮರಗಳನ್ನು ನೆರೆಯವರು ಕಡಿದು ಬಾಳೆ ಹಾಕಿದ್ದರು. ಹೋದ ವರ್ಷ ಇದೇ ಬಂಡೆಯ ಮೇಲೆ ಕೂತು ಅವಳು ನಲವತ್ತಮೂರು ಬಾವಲಿ ಎಣಿಸಿದ್ದಳು, ಅದರ ಹಿಂದಿನ ವರ್ಷ ನೂರರ ಮೇಲೆ. ಇವತ್ತು ತುದಿಯ ಕೊಂಬೆಯಲ್ಲಿ ಒಂದೇ ಒಂದು ಕಪ್ಪು ಗಂಟು ನೇತಾಡುತ್ತಿತ್ತು.

ಬೆನ್ನ ಹಿಂದೆ ಗರಗಸದವರಿಬ್ಬರು ಸುಟ್ಟ ಜೀಗುಜ್ಜೆ ತಿನ್ನುತ್ತ ಕೂತಿದ್ದರು. ಮರ ಖಾಲಿ ಎಂದು ಎಚಾಟಿ ಹೇಳಿದ ಕೂಡಲೇ ಅವರ ಕೆಲಸ ಶುರು. ಒಂದು ಬಾವಲಿ ಇರುವವರೆಗೂ ಈ ಮರಕ್ಕೆ ಗರಗಸ ಹಾಕುವುದಿಲ್ಲ ಎಂದು ಏಳು ವರ್ಷದ ಹಿಂದೆ ಮಸೀದಿಯ ಮುಂದೆ ಊರಿಗೆಲ್ಲ ಕೇಳುವಂತೆ ಮಾತು ಕೊಟ್ಟಿದ್ದವನು ಅಜ್ಜ. ಅವತ್ತಿನಿಂದ ಅವನ ಮಗಳು ಸಿತ್ತಿಯ ಮನೆ ಕಣಿವೆಯ ತಳದಲ್ಲಿ ನಾಲ್ಕು ಗೋಡೆಯಾಗಿಯೇ ನಿಂತಿದೆ. ಸೂರಿಗೂ ಬಾಗಿಲಿಗೂ ಬೇಕಾದ ಮರವೆಲ್ಲ ಅಲ್ಲಿ, ಎದುರಿನ ಇಳಿಜಾರಿನಲ್ಲಿ. ಈ ಅಂಜುವಾನ್ ದ್ವೀಪದಲ್ಲಿ ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬರಬೇಕು. ಮನೆಯೇ ಇಲ್ಲದ ಹೆಣ್ಣಿನ ಹತ್ತಿರ ಬರುವುದಾದರೂ ಎಲ್ಲಿಗೆ?

ಎಚಾಟಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೂವತ್ತೈದು ದಾಟಿದ ಅವಳು ಈಗಲೂ ಅಕ್ಕನ ಮನೆಯ ಜಗಲಿಯಲ್ಲಿ ಮಲಗುತ್ತಿದ್ದಳು.

“ಅಜ್ಜಾ, ಈ ಯಮ್ಮ ಬಾವಲಿ ಎಣಿಸ್ತಾಳೋ ಅಕ್ಕಿ ಆರಿಸ್ತಾಳೋ?” ಎಂದ ಗರಗಸದವರಲ್ಲಿ ಒಬ್ಬ. “ಇರೋದು ಒಂದು ಮರ.”

“ಸುಮ್ನೆ ತಿನ್ನೋ. ನಾನು ಏಳು ವರ್ಷ ಕಾದಿದೀನಿ, ನಿಂಗೆ ಒಂದು ತಾಸು ಆಗಲ್ವಾ?” ಎಂದು ಅಜ್ಜ ಪೊರೆ ಬಂದ ಕಣ್ಣುಗಳನ್ನು ಎಚಾಟಿಯ ಕಡೆ ತಿರುಗಿಸಿದ. “ಅಲ್ಲಮ್ಮಾ, ಪಟ್ಟಣದ ಆಫೀಸಿನ ಪುಸ್ತಕದಲ್ಲಿ ಇವು ಯಾವ ಸಾಲಲ್ಲಿವೆ ಅಂದಿದ್ದೆ?”

“ಅಳಿದುಹೋಗ್ತಿರೋ ಪ್ರಾಣಿಗಳ ಕಟ್ಟಕಡೇ ಸಾಲಲ್ಲಿ ಅಜ್ಜ. ನಮ್ಮ ಎರಡು ದ್ವೀಪ ಬಿಟ್ರೆ ಭೂಮಿ ಮೇಲೆ ಬೇರೆಲ್ಲೂ ಇಲ್ವಂತೆ. ಅದರಾಚೆಗೆ ಕಾಡಲ್ಲೇ ಇಲ್ಲದವುಗಳ ಪಟ್ಟಿ.”

“ಹಂಗಾದ್ರೆ ನನ್ನ ಹೆಸರನ್ನೂ ಅದೇ ಸಾಲಿಗೆ ಹಾಕು.” ಅಜ್ಜ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು.

ಅಷ್ಟರಲ್ಲಿ ಬಿಸಿಲು ಗುಡ್ಡದ ನೆತ್ತಿ ಹತ್ತಿ ಆ ಕೊಂಬೆಯ ಮೇಲೆ ಬಿತ್ತು. ಬಿಸಿಲು ತಾಗಿದರೆ ಬಾವಲಿ ಒಂದು ರೆಕ್ಕೆ ಬಿಚ್ಚಿ ಮೆಲ್ಲಗೆ ಬೀಸಿಕೊಳ್ಳುತ್ತದೆ, ಮಧ್ಯಾಹ್ನ ಜಗಲಿಯಲ್ಲಿ ಕೂತ ಮುದುಕಿಯ ಹಾಗೆ. ಇದು ಬೀಸಿಕೊಳ್ಳಲಿಲ್ಲ. ಎಚಾಟಿ ಕಾದಳು. ಗಾಳಿ ಬಂದಾಗ ಅದು ಒಣಗಿದ ತೆಂಗಿನ ಗರಿಯಂತೆ ಸೆಟೆದುಕೊಂಡೇ ತೂಗಿತು. ಸತ್ತ ಮೇಲೂ ಕಾಲು ಕೊಂಬೆಯನ್ನು ಬಿಡುವುದಿಲ್ಲ. ಹದಿನೈದು ವರ್ಷದ ಎಣಿಕೆಯಲ್ಲಿ ಅವಳು ಇಂಥದ್ದನ್ನು ಎರಡು ಸಲ ಕಂಡಿದ್ದಳು.

ಇನ್ನೊಂದನ್ನೂ ಕಂಡಿದ್ದಳು. ಮೇಲಿನ ಊರಿನಲ್ಲಿ ಹೀಗೇ ಒಂದು ಮರ ಖಾಲಿಯಾಗಿತ್ತು. ಅವಳು ಸೊನ್ನೆ ಬರೆದ ವಾರದಲ್ಲೇ ಅದನ್ನು ಕಡಿದರು. ಎರಡು ತಿಂಗಳು ಕಳೆದು ಹನ್ನೊಂದು ಬಾವಲಿ ತಿರುಗಿ ಬಂದವು. ಮರವಿದ್ದ ಜಾಗದ ಮೇಲೆ ಇಡೀ ದಿನ ಸುತ್ತು ಹಾಕಿ ಎಲ್ಲಿಗೋ ಹೋದವು.

“ಒಂದು,” ಎಂದಳು ಎಚಾಟಿ. “ಒಂದಿದೆ ಅಜ್ಜ.”

“ಜೀವ ಇದೆಯಾ?”

“ಇದೆ.”

ಅಜ್ಜ ಮಂಡಿಯ ಮೇಲೆ ಕೈಯೂರಿ ಎದ್ದ. “ಒಂದಾದ್ರೂ ಇದೆಯಲ್ಲ. ಒಂದು ಇರೋವರೆಗೂ ಅಂತಲೇ ನಾನು ಹೇಳಿದ್ದು. ನಡೀರಪ್ಪಾ, ಗರಗಸ ಎತ್ಕೊಳ್ಳಿ, ವಾಪಸ್ ಹೋಗೋಣ.” ಎರಡು ಹೆಜ್ಜೆ ಹೋದವನು ನಿಂತ. “ಸಿತ್ತಿ, ನೀನೂ ಒಂದ್ಸಲ ನೋಡಿಬಿಡಮ್ಮ. ನಾಳೆ ದಿನ ಅಪ್ಪ ಮೋಸ ಮಾಡ್ದ ಅನ್ಬೇಡ.”

ಸಿತ್ತಿ ಅಷ್ಟು ಹೊತ್ತೂ ದೂರದಲ್ಲಿ ಕೂತಿದ್ದಳು. ಮುಖಕ್ಕೆ ಹಚ್ಚಿದ್ದ ಗಂಧ ಒಣಗಿ ಬಿರುಕುಬಿಟ್ಟಿತ್ತು. ಬಂದು ದುರ್ಬೀನು ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು.

“ಇದೆ ಅಪ್ಪ,” ಎಂದಳು ಸಿತ್ತಿ. “ನೀನು ನಡಿ, ಬರ್ತೀನಿ.”

ಗಂಡಸರು ಲವಂಗದ ತೋಟದೊಳಗೆ ಇಳಿದು ಮರೆಯಾದರು. ಸಿತ್ತಿ ದುರ್ಬೀನಿನ ಪಟ್ಟಿಯನ್ನು ನೀಟಾಗಿ ಸುತ್ತಿ ಎಚಾಟಿಯ ಮಡಿಲಲ್ಲಿಟ್ಟಳು.

“ಶುಕ್ರವಾರದಿಂದ ಅದು ಒಂದು ಸಲವೂ ಬೀಸ್ಕೊಂಡಿಲ್ಲ ಅಕ್ಕ,” ಎಂದಳು. ಆ ದನಿಯಲ್ಲಿ ಕೋಪವಿರಲಿಲ್ಲ. “ನಾನೇ ಹೇಳಿದ್ರೆ ಮನೆ ಆಸೆಗೆ ಹೇಳ್ತಾಳೆ ಅಂತಾರೆ. ನೀನು ಬಂದು ಹೇಳ್ತೀಯ ಅಂತ ಕಾಯ್ತಿದ್ದೆ.”

ಎಚಾಟಿ ತಲೆಯೆತ್ತಲಿಲ್ಲ. “ಅಷ್ಟು ದೂರದ್ದು... ನಿಂಗೆ ಹೆಂಗೆ ಕಾಣ್ತು?”

“ನನ್ನ ಮನೆಗೆ ಸೂರಿಲ್ವಲ್ಲ ಅಕ್ಕ,” ಎಂದಳು ಸಿತ್ತಿ. “ಒಳಗೆ ಮಲಗಿದ್ರೆ ಕಣ್ಣಿಗೆ ಬೀಳೋದು ಆ ಕೊಂಬೆ ಒಂದೇ.”